ಎಕ್ಕದ ಸೊಸೆ

ಮುನಿಸ್ವಾಮಪ್ಪ ಹೊಲದ ಬದುವಿನಿಂದ ಎಕ್ಕದ ಗಿಡವೊಂದನ್ನು ಬೇರುಸಮೇತ ಅಗೆದು ತಂದು ಅಂಗಳದಲ್ಲಿ, ಹೆಣದ ಪಕ್ಕಕ್ಕೆ ನೆಟ್ಟ. ಬುಡಕ್ಕೆ ನೀರು ಹೊಯ್ದು, ಕುಂಕುಮ ಹಚ್ಚಿ, ಕೊಂಬೆಗೆ ರವಿಕೆ ಬಟ್ಟೆ ಸುತ್ತಿದ. ಮದುವೆಯಾಗದೆ ಸತ್ತ ಗಂಡಸನ್ನು ಹಾಗೇ ಸುಟ್ಟರೆ ದೆವ್ವವಾಗಿ ಊರು ಸುತ್ತುತ್ತಾನಂತೆ. ಅದಕ್ಕೇ ಎಕ್ಕದ ಜೊತೆ ಮದುವೆ. ಬದುಕಿದ್ದಾಗ ಆದಿನಾರಾಯಣನನ್ನು ಹಿತ್ತಲ ಕೊಟ್ಟಿಗೆಯಿಂದ ಆಚೆ ಬಿಡದವರಿಗೆ, ಈಗ ಅವನು ಊರು ಸುತ್ತುವ ಭಯ!

"ಅಣ್ಣನ ಕೈ ಇಡ್ಕೊಂಡು ಅರಿಸಿನದ ದಾರ ಕಟ್ಸೋ ಸೀನಾ," ಎಂದ ಮುನಿಸ್ವಾಮಪ್ಪ. ಸತ್ತವನಿಗೂ ಅವನ ತಮ್ಮ ಸೀನಪ್ಪನಿಗೂ ಅವನು ಚಿಕ್ಕಪ್ಪ.

ಸೀನಪ್ಪ ಅಣ್ಣನ ಬಲಗೈ ಹಿಡಿದ. ಮುಷ್ಟಿ ಬಿಗಿದುಕೊಂಡಿತ್ತು. ಎಷ್ಟು ಎಳೆದರೂ ಬೆರಳು ಬಿಚ್ಚಲಿಲ್ಲ.

"ಬತ್ತಿಲ್ಲ ಚಿಕ್ಕಪ್ಪ."

"ಒಪ್ತಿಲ್ಲ ಕಣ್ಲಾ ಅವ್ನು. ಸತ್ರೂ ಒಪ್ತಿಲ್ಲ."

ಹೆಣ ಸೆಟೆಯುತ್ತದೆಂದು ಯಾರಿಗೆ ಗೊತ್ತಿಲ್ಲ? ಆದರೂ ಹೆಂಗಸರು ಹೆದರಿ ಹಿಂದೆ ಸರಿದರು.

ಬೇಲಿಯಾಚೆ ಕುಪ್ಪುಸ್ವಾಮಿ ನಿಂತಿದ್ದ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಿಂದ ಬೆಳಗಿನ ರೈಲಿಗೆ ಬಂಗಾರಪೇಟೆಗೆ ಬಂದು, ಅಲ್ಲಿಂದ ನಡೆದು ಬಂದಿದ್ದ. ಗಣಿಯೊಳಗೆ ಆದಿಯ ಜೊತೆ ಮರದ ಕಂಬ ನಿಲ್ಲಿಸುತ್ತಿದ್ದವನು, ಗಣಿ ಕೂಲಿಗಳ ಲೈನ್ ಮನೆಯ ಒಂದೇ ಕೋಣೆಯಲ್ಲಿ ಅವನ ಜೊತೆ ಬಾಳಿದವನು. ಸುಡುವ ಮೊದಲು ಒಂದೇ ಒಂದು ಸಲ ಆ ಕೈ ಹಿಡಿಯಬೇಕು, ಅವನು ಬಂದದ್ದು ಅಷ್ಟಕ್ಕೇ. ಸೀನಪ್ಪ ಅಂಗಳಕ್ಕೆ ಕಾಲಿಡಲು ಬಿಟ್ಟಿರಲಿಲ್ಲ.

*

ಏಳು ವರ್ಷದ ಹಿಂದೆ, ೧೯೫೭ರಲ್ಲಿ, ಇಬ್ಬರ ಸಂಗತಿ ಲೈನ್ ಮನೆಗಳಲ್ಲಿ ಬಾಯಿಂದ ಬಾಯಿಗೆ ಹರಡಿತು. ಸೀನಪ್ಪ ಅಣ್ಣನನ್ನು ಬೆಂಗಳೂರಿಗೆ, ಯಾರೋ ಹೇಳಿದ ತಲೆ ಡಾಕ್ಟರ ಬಳಿಗೆ ಕರೆದೊಯ್ದ.

"ಇದು ಮನಸ್ಸಿನ ಕಾಯಿಲೆ. ನಮ್ಮ ಪುಸ್ತಕದಲ್ಲೇ ಇದೆ," ಎಂದರು ಡಾಕ್ಟರು.

ಪುಸ್ತಕದಲ್ಲಿದೆ ಅಂದಮೇಲೆ ಮುಗಿಯಿತಲ್ಲ! ಸೀನಪ್ಪನಿಗೆ ಹೋದ ಜೀವ ಬಂತು. ಅಣ್ಣ ಕೆಟ್ಟವನಲ್ಲ, ಕಾಯಿಲೆಯವನು. ತಲೆಗೆ ಕರೆಂಟು ಕೊಟ್ಟರು, ಮತ್ತೆ ಮತ್ತೆ ಕೊಟ್ಟರು. ಹೊರಗೆ ಬಂದ ಆದಿ ಹೆತ್ತ ತಾಯಿಯ ಹೆಸರಿಗೇ ತಡವರಿಸಿದ. ಕುಪ್ಪುಸ್ವಾಮಿಯ ಹೆಸರನ್ನು ಮಾತ್ರ ಮರೆತಿರಲಿಲ್ಲ. ವಾಸಿಯಾಗಲಿಲ್ಲವೆಂದು ಎಲ್ಲರೂ ಬೈದುಕೊಂಡರು.

ಮದುವೆ ಮಾಡಿದರೆ ಸರಿಹೋಗುತ್ತಾನೆಂದೂ ಡಾಕ್ಟರು ಹೇಳಿದ್ದರು. ಹೆಣ್ಣೂ ಗೊತ್ತಾಯಿತು. ಮಗನನ್ನು ಒಪ್ಪಿಸೆಂದು ಆದಿಯ ತಾಯಿ ಮುನಿಗಂಗಮ್ಮ ಗುಟ್ಟಾಗಿ ಹೇಳಿಕಳಿಸಿದ್ದಕ್ಕೆ ಕುಪ್ಪುಸ್ವಾಮಿ ಬಂದು ಇದೇ ಬೇಲಿಯ ಬಳಿ ನಿಂತ.

"ಕಟ್ಕೊಂಡುಬಿಡು ಆದೀ. ಊರಾದ್ರೂ ಬಾಯಿ ಮುಚ್ಕೊಳ್ಳುತ್ತೆ."

"ಒಬ್ಬಳ ಬಾಳು ಆಳು ಮಾಡಿ ನಾನು ವಾಸಿ ಆಗ್ಬೇಕಾ?" ಆದಿಗೆ ಅಳು ಬಂದಿತ್ತು. "ನನ್ ಕೈಲಿ ತಾಳಿ ಕಟ್ಸಾಕೆ ಯಾರಾನ ಬರ್ಲಿ. ನೀನ್ ಬರಬ್ಯಾಡ ಕಣೋ."

ಆ ಮದುವೆ ಮುರಿಯಿತು. ಆದಿಯನ್ನು ಹಿತ್ತಲ ಕೊಟ್ಟಿಗೆಯಲ್ಲಿ ಕೂಡಿಹಾಕಿದರು. ಅಲ್ಲೇ ಅವನು ಗಣಿಯ ಧೂಳು ತುಂಬಿದ ಎದೆಯಿಂದ ರಕ್ತ ಕೆಮ್ಮತೊಡಗಿದ. ಆ ಕೆಮ್ಮಿಗೆ ಯಾರೂ ಬೆಂಗಳೂರಿಗೆ ಕರೆದೊಯ್ಯಲಿಲ್ಲ. ಕಾಯಿಲೆಯೇ ಅಲ್ಲದ್ದಕ್ಕೆ ಕರೆದೊಯ್ದು ಸಾಕಾಗಿಹೋಗಿತ್ತು.

*

"ಕುಪ್ಪು ಏಳಿದ್ರೆ ಕೇಳ್ತಾನೆ, ಅವನ್ನ ಕರೀರಿ," ಎಂದಳು ಮುನಿಗಂಗಮ್ಮ.

"ಅವ್ವಾ! ಇಷ್ಟೆಲ್ಲ ಆಗಿದ್ದು ಅವ್ನಿಂದ್ಲೇ ಅಲ್ವಾ?" ಸೀನಪ್ಪ ಸಿಡುಕಿದ.

"ಆಗಿದ್ದಾಯ್ತು. ನನ್ ಮಗ ದೆವ್ವ ಆಗಿ ತಿರುಗೋದು ಬ್ಯಾಡ. ಬಾರಪ್ಪಾ ಕುಪ್ಪು."

ಆಗುವುದಿಲ್ಲ ಎನ್ನಬೇಕಿತ್ತು. ಎಂದರೆ ಆ ಕೈ ಇನ್ನೆಂದೂ ಸಿಗುವುದಿಲ್ಲ. ಕುಪ್ಪುಸ್ವಾಮಿ ಬಂದು ಕುಳಿತು ಮುಷ್ಟಿಯನ್ನು ತನ್ನೆರಡು ಅಂಗೈಗಳ ನಡುವೆ ಇಟ್ಟುಕೊಂಡ. ಊರೆಲ್ಲ ನೋಡುತ್ತಿರುವಾಗ ಅವನು ಆದಿಯ ಕೈ ಹಿಡಿದದ್ದು ಅದೇ ಮೊದಲು. ನೀವುತ್ತಾ ನೀವುತ್ತಾ ಒಂದೊಂದೇ ಬೆರಳು ಸಡಿಲಿಸಿದ. ಆ ಬೆರಳುಗಳ ನಡುವೆ ದಾರ ಇಟ್ಟ.

"ಮನ್ನಿಚ್ಚಿಡುಡಾ ಆದೀ," ಎಂದು ತನ್ನ ತಮಿಳಿನಲ್ಲೇ ಕ್ಷಮೆ ಕೇಳಿದ. ಎಕ್ಕದ ಕೊಂಬೆಗೆ ಮೂರು ಗಂಟು ಬಿತ್ತು.

"ಆಯ್ತಲ್ಲ, ಬಿಡು ಇನ್ನ."

ಅವನು ಬಿಡಲಿಲ್ಲ. ಸೀನಪ್ಪ ರಟ್ಟೆ ಹಿಡಿದು ಎಳೆದ.

"ಒಂದು ಎಗಲು ಕೊಡ್ತೀನಣ್ಣಾ," ಎಂದ ಕುಪ್ಪುಸ್ವಾಮಿ.

"ನಾಕು ಜನ ಇದ್ದೀವಿ. ನೀನು ಮಸಾಣಕ್ಕೆ ಬರೋದು ಬ್ಯಾಡ."

ಗಂಡಸರು ಚಟ್ಟ ಹೊತ್ತು ಹೋದರು. ಅಂಗಳದಲ್ಲಿ ಹೆಂಗಸರು, ಎಕ್ಕ, ಕುಪ್ಪುಸ್ವಾಮಿ ಉಳಿದರು. ಗಂಡ ಸತ್ತವಳಿಗೆ ಮಾಡುವುದನ್ನೆಲ್ಲ ಹೆಂಗಸರು ಗಿಡಕ್ಕೆ ಮಾಡಿದರು. ದಾರ ಹರಿದರು, ಕುಂಕುಮ ಒರೆಸಿದರು, ತಲೆಯ ಮೇಲೆ ನೀರು ಹೊಯ್ದರು. ಮುನಿಗಂಗಮ್ಮ ಗಿಡವನ್ನು ತಬ್ಬಿಕೊಂಡು ಗೋಳಾಡಿದಳು.

"ಒಬ್ಬಳೇ ಎಂಗಿರ್ತೀಯವ್ವಾ, ನನ್ ಸೊಸೇ!"

ಉಳಿದವರು ಸುತ್ತ ಕುಳಿತು ಎಲೆಗಳನ್ನು ಸವರಿ ಸವರಿ ಸಮಾಧಾನ ಹೇಳಿದರು. ಅವರಲ್ಲೊಬ್ಬಳು ಕಣ್ಣೊರೆಸಿಕೊಳ್ಳುತ್ತಾ ತಲೆಯೆತ್ತಿ ಕುಪ್ಪುಸ್ವಾಮಿಯನ್ನು ನೋಡಿದಳು.

"ಒಸಿ ಅತ್ಲಾಗೆ ನಿಂತ್ಕಳಪ್ಪ. ಅವಳ್ಗೆ ಗಾಳಿ ಬರ್ಲಿ."

ಕುಪ್ಪುಸ್ವಾಮಿ ಸರಿದು ನಿಂತ.