ಜಾರದ ಜಾಗ

“ನೋವಾದ್ರೆ ಹೇಳಿ, ತಡ್ಕೋಬೇಡಿ,” ಎಂದರು ಸ್ಕ್ಯಾನ್ ಡಾಕ್ಟರು, ಪರದೆಯಿಂದ ಕಣ್ಣು ತೆಗೆಯದೆ. ಕೋಣೆಯ ದೀಪ ಆರಿಸಿದ್ದರು.

ಮಂಚದ ಮೇಲೆ ಮಲಗಿದ್ದವಳು ಸಿಟಿ ಬಸ್ಸಿನ ಕಂಡಕ್ಟರು, ತಡೆದುಕೊಳ್ಳುವುದರಲ್ಲಿ ಪಳಗಿದವಳು. ತಿಂಗಳಿಗೊಮ್ಮೆ ಹೊಟ್ಟೆಯೊಳಗೆ ಯಾರೋ ಹಗ್ಗ ಹಾಕಿ ಜಗ್ಗಿದಂತಾದಾಗಲೂ ಕಂಬಿಗೆ ಒರಗಿಕೊಂಡು “ಮುಂದೆ ಹೋಗಿ, ಮುಂದೆ ಹೋಗಿ” ಎಂದು ಕೂಗಿ ಟಿಕೆಟ್ ಕೊಟ್ಟವಳು. ಹಿಂದಿನ ಸ್ಕ್ಯಾನುಗಳೆಲ್ಲ ‘ನಾರ್ಮಲ್’ ಎಂದಿದ್ದವು. ಗಂಡ ಒಳ್ಳೆಯವನೇ, ಆದರೂ ಅವನು ‘ಪಾಪ’ ಎಂದು ಮರುಗುವಾಗಲೂ ಅದರೊಳಗೆ ನೋವು ನಿಜವೇ ಎಂಬ ಅನುಮಾನದ ಎಳೆಯೊಂದು ಇರುತ್ತಿತ್ತು. ಬರಬರುತ್ತ ಅವಳಿಗೇ ತನ್ನ ಮೇಲೆ ನಂಬಿಕೆ ಹೋಗಿತ್ತು. ಈಗ ನೋವಿನ ಮೂಲ ಹುಡುಕಲೆಂದೇ ಗೊತ್ತುಮಾಡಿದ್ದ ಆಪರೇಷನ್ನಿಗೆ ಮುಂಚೆ ಇದೊಂದು ಬೇರೆ ಥರದ ಸ್ಕ್ಯಾನ್ ಆಗಲೇಬೇಕೆಂದು ಸರ್ಜನ್ ಕಳಿಸಿದ್ದರು. ಆಪರೇಷನ್ನಿಗೆ ಅವಳು ಹೆದರಿರಲಿಲ್ಲ. ಈ ಸಲವೂ ಏನೂ ಕಾಣದಿದ್ದರೆ ಎಂಬುದೇ ಹೆದರಿಕೆ.

“ಇವಳು ಬಾಯಿಬಿಡೋಳಲ್ಲ ಡಾಕ್ಟ್ರೇ,” ಎಂದರು ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ. “ಹಲ್ಲು ಕಚ್ಚಿದ್ಲು ಅಂದ್ರೆ ನೋವು ಅಂತ ತಿಳ್ಕೊಳ್ಳಿ.”

ಡಾಕ್ಟರು ಒಳಗಿಟ್ಟ ಸ್ಕ್ಯಾನಿನ ಕೋಲನ್ನು ಮೆಲ್ಲಗೆ ಒತ್ತಿದರು, ಇನ್ನೊಂದು ಕೈಯನ್ನು ಕಿಬ್ಬೊಟ್ಟೆಯ ಮೇಲಿಟ್ಟರು. ಅವಳು ಹಲ್ಲು ಕಚ್ಚಿದಳು.

“ಇಲ್ಲೇ, ಅಲ್ವಾ?”

ಅವಳು ಹೌದೆನ್ನುವ ಮೊದಲೇ ಪರದೆ ಅವಳ ಕಡೆ ತಿರುಗಿತು.

“ಇದು ಗರ್ಭಕೋಶ. ಹಿಂದಿರೋದು ಕರುಳು. ಒತ್ತಿದಾಗ ಎರಡೂ ಒಂದರ ಪಕ್ಕ ಒಂದು ಜಾರಬೇಕು. ಮೇಲೆ ಜಾರ್ತಿದೆ, ನೋಡಿ. ಇಲ್ಲಿಗೆ ಬಂದ್ರೆ ನಿಂತುಬಿಡುತ್ತೆ. ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೆಳೆದು ಎರಡನ್ನೂ ಅಂಟಿಸಿಬಿಟ್ಟಿದೆ. ಎಂಡೋಮೆಟ್ರಿಯೋಸಿಸ್ ಅಂತಾರೆ. ಈ ಕಪ್ಪು ಗಂಟು ಕರುಳಿನ ಗೋಡೇಲೇ ಇದೆ.”

ಬೂದು ಬಣ್ಣದ ಆ ಲೋಕ ಅವಳ ಉಸಿರಿನೊಂದಿಗೆ ಏರಿ ಇಳಿಯುತ್ತಿತ್ತು. ಕರುಳು ಯಾರ ಅಪ್ಪಣೆಗೂ ಕಾಯದೆ ತನ್ನ ಪಾಡಿಗೆ ತಾನು ಹೊರಳುತ್ತಿತ್ತು. ಇದೆಲ್ಲ ತನ್ನೊಳಗೆ ಹೀಗೆ ನಡೆದೇ ಇತ್ತೆ? ನಡುವೆ ಗಂಟೊಂದು ಮಾತ್ರ ಅಲುಗದೆ ಕೂತಿತ್ತು. ಇಷ್ಟು ವರ್ಷ ಅವಳನ್ನು ಹಣ್ಣು ಮಾಡಿದ್ದು ಹೆಬ್ಬೆರಳಿನ ಉಗುರಿನಷ್ಟಿತ್ತು. ಅದಕ್ಕೊಂದು ಅಂಚಿತ್ತು, ನೆರಳಿತ್ತು.

“ಹಾಗಾದ್ರೆ... ಇದೆ?”

“ಇದೆಯಮ್ಮ.” ಡಾಕ್ಟರು ಅಳತೆ ತೆಗೆಯುತ್ತಿದ್ದರು. “ಆಪರೇಷನ್ನಿಗೆ ಕರುಳಿನ ಸರ್ಜನ್ನೂ ಜೊತೆಗಿರಬೇಕು. ಒಳಗೆ ಹೋದ್ಮೇಲೆ ಗೊತ್ತಾಗೋದಕ್ಕಿಂತ ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು.”

ಕಣ್ಣೀರು ಕೆನ್ನೆಗೆ ಬರದೆ ನೇರ ಕಿವಿಗಿಳಿಯಿತು. ಅತ್ತೆ ಎದ್ದು ಬಂದು, ಕನ್ನಡಕ ಸರಿಮಾಡಿಕೊಂಡು, ಪರದೆಯನ್ನು ದಿಟ್ಟಿಸಿದರು. ಆಮೇಲೆ ಗಂಟನ್ನೇ ಗದರಿಸಿದರು: “ಕಂಡಕ್ಟರ್ ಹೊಟ್ಟೇಲೇ ಟಿಕೆಟ್ ಇಲ್ದೆ ಇಷ್ಟು ವರ್ಷ ಕೂತಿದ್ಯಲ್ಲೋ!”

ಅಳುತ್ತಿದ್ದವಳಿಗೆ ನಗು ಉಕ್ಕಿತು. ಪರದೆಯ ಮೇಲೆ ಆ ಲೋಕವೆಲ್ಲ ಗಡಗಡನೆ ಕುಲುಕಾಡಿತು. ಮೂವರೂ ಅದನ್ನು ನೋಡುತ್ತ ಉಳಿದರು.

ಆಪರೇಷನ್ ದಿನ ಇಬ್ಬರು ಸರ್ಜನ್ನರೂ ಒಟ್ಟಿಗೆ ಒಳಹೋದರು. “ಪಟದಲ್ಲಿದ್ದ ಕಡೇನೇ ಇತ್ತು. ಪೂರ್ತಿ ತೆಗೆದ್ವಿ,” ಎಂದರಂತೆ ಹೊರಬಂದು.

ಮರುದಿನ ಬೆಳಿಗ್ಗೆ ಅವಳು ಕಣ್ಣುಬಿಟ್ಟಾಗ ಗಂಡ ಕಿಟಕಿಯ ಹತ್ತಿರ ನಿಂತಿದ್ದ. ಸ್ಕ್ಯಾನಿನ ಪಟವನ್ನು ಬೆಳಕಿಗೆ ಹಿಡಿದಿದ್ದ. ಅವಳು ಎದ್ದದ್ದು ಅವನಿಗೆ ತಿಳಿಯಲಿಲ್ಲ. ಅವನ ತೋರುಬೆರಳು ಮೆಲ್ಲಗೆ ಬಂದು, ಕಪ್ಪು ಗಂಟಿನ ಮೇಲೆ, ಮುಟ್ಟಿದರೆ ಅವಳಿಗೆ ನೋವಾದೀತೇನೋ ಎಂಬಂತೆ ಕಾಗದಕ್ಕೆ ತಾಗದೆ, ಎಳೆಯಷ್ಟು ಅಂತರದಲ್ಲೇ ನಿಂತಿತು.