ಸಾಲಿನ ಮುಂದಿನ ನಾಲ್ಕು ಖಾಲಿ ಜಾಗ

ಮೊಟ್ಟೆಯನ್ನು ಕಣ್ಣರೆಪ್ಪೆಗೆ ಒತ್ತಿದೆ. ತಣ್ಣಗಿತ್ತು. ಇನ್ನೊಂದನ್ನು ಒತ್ತಿದೆ. ಅದೂ ಹಾಗೇ.

"ವಗ್ದಿ, ಹೀಟರ್ ಉರೀತಿಲ್ಲ ಕಣೋ!"

ಈಜಿಪ್ಟಿನ ತಂತಾ ಪಟ್ಟಣದ ಪಕ್ಕದ ನಮ್ಮೂರಲ್ಲಿ ಮರಿ ಮಾಡಿಸುವವರು ಶಾಖ ನೋಡುವುದು ಹೀಗೇ. ಕಾವು ಕೊಡುವ ಯಂತ್ರ ಬಂದ ಮೇಲೂ ನಾನು ಬಿಟ್ಟಿಲ್ಲ. ಒಳಗೆ ಒಂಬತ್ತು ಸಾವಿರ ಮೊಟ್ಟೆಗಳಿದ್ದವು, ಹತ್ತೊಂಬತ್ತನೆಯ ದಿನ. ಇನ್ನೆರಡು ದಿನಕ್ಕೆ ಮರಿಗಳು ಹೊರಬರಬೇಕು. ತಣಿದರೆ ಚಿಪ್ಪಿನೊಳಗೇ ಸಾಯುತ್ತವೆ.

ಮಾಲೀಕ ವಗ್ದಿ ಓಡಿಬಂದ. ಹಿಂದೆಯೇ ಅವನ ಭಾವಮೈದುನ ಬಹ್ಗತ್. ಅವನೇ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಹೀಟರ್ ಕ್ಷಣಕಾಲ ಕೆಂಪಗಾಗಿ ಮತ್ತೆ ಆರಿತು. ಹೀಟರನ್ನು ಕೈಯಿಂದ ಹಚ್ಚುವ ಸ್ವಿಚ್ಚನ್ನು ಇದೇ ಬಹ್ಗತ್ ಕಿತ್ತುಹಾಕಿದ್ದ.

"ಎಲ್ಲಾ ಆ ರಾವ್ಯಾ ಕೆಲಸ!" ಬಹ್ಗತ್ ಸಿಡುಕಿದ. "ಸಾಲಿನ ಮುಂದಿನ ಖಾಲಿ ಜಾಗ ನಂಬ್ಕೊಂಡು ಯಾರಾದ್ರೂ ಪ್ರೋಗ್ರಾಂ ಬರೀತಾರಾ? ನಾನು ಬರೆದಿದ್ದ ಹಳೇದ್ರಲ್ಲಿ ಪುಷ್ಪಾವರಣ, ಆ ಬಳುಕು ಬ್ರಾಕೆಟ್ಟು, ಇತ್ತು. ಎಲ್ಲಿ ಶುರು, ಎಲ್ಲಿ ಮುಗೀತು, ಕುರುಡನಿಗೂ ಕಾಣ್ತಿತ್ತು."

"ಭಾಷಣ ಆಮೇಲೆ ಬಿಗಿ. ಶಾಖ ಮೂವತ್ನಾಲ್ಕಕ್ಕೆ ಇಳಿದಿದೆ!" ವಗ್ದಿ ತನ್ನ ಫೋನಿನಿಂದ ರಾವ್ಯಾಗೆ ಕರೆಮಾಡಿ ಸ್ಪೀಕರ್ ಹಾಕಿದ.

ಯಂತ್ರದ ಹೊಸ ಪ್ರೋಗ್ರಾಂ ಬರೆದ ರಾವ್ಯಾ ಕೈರೋದ ರೈಲಿನಲ್ಲಿದ್ದಳು. "ನಿನ್ನೆ ಕಳ್ಸಿದ ಮೂರು ಸಾಲು ಯಾರು ಹಾಕಿದ್ದು?"

"ನಾನೇ, ಈಗ ಸ್ವಲ್ಪ ಹೊತ್ತಿನ ಮುಂಚೆ. ಫೋನಲ್ಲಿ ನೋಡ್ಕೊಂಡು ಅಕ್ಷರ ಬಿಡದೆ ಟೈಪ್ ಮಾಡಿದೀನಿ," ಎಂದ ಬಹ್ಗತ್.

"ಫೋನ್ ಖಾಲಾಗೆ ಕೊಡಿ."

ಖಾಲಾ ಅಂದರೆ ಚಿಕ್ಕಮ್ಮ, ಅವಳು ನನ್ನನ್ನು ಕರೆಯುವುದು ಹಾಗೆ; ಸಂಜೆಶಾಲೆಯಲ್ಲಿ ನನಗೆ ಈ ಪ್ರೋಗ್ರಾಂ ಎಲ್ಲ ಓದಲು ಕಲಿಸಿದ್ದು ಅವಳೇ. ಬಹ್ಗತ್‌ನ ಫೋನ್ ಇಸಿದುಕೊಂಡು ಸಂದೇಶ ನೋಡಿದೆ. ಸಲಾಂ ಹೇಳದೆ ಕೆಲಸದ ಮಾತೆತ್ತುವವಳಲ್ಲ ಅವಳು. ಮೊದಲಿಗೆ, ಬಲದಿಂದ ಎಡಕ್ಕೆ ಬರೆಯುವ ಅರಬಿಯಲ್ಲಿ ಸಲಾಂ ಇತ್ತು. ಅದರಿಂದಾಗಿ ಕೆಳಗಿನ ಪ್ರೋಗ್ರಾಂ ಸಾಲುಗಳೂ ಬಲ ಅಂಚಿಗೆ ಒರಗಿಬಿಟ್ಟಿದ್ದವು.

"ಯಾವ ಸಾಲು ಎಷ್ಟು ಒಳಗಿದೆ ಅಂತ ಇದರಲ್ಲಿ ತಿಳಿಯೋದೇ ಇಲ್ಲ ಮಗಳೇ."

"ಖಾಲಾ, ಯಂತ್ರದ ಪರದೆ ನೋಡಿ. ಬೇಗ."

ನೋಡಿದೆ. ಶಾಖ ಮೂವತ್ತೆಂಟು ದಾಟಿದರೆ, ಎಂದಿತ್ತು ಮೊದಲ ಸಾಲು. ಫ್ಯಾನ್ ತಿರುಗಿಸು ಎಂಬುದು ಅದರಡಿಯಲ್ಲಿ ಒಳಸರಿದು ನಿಂತಿತ್ತು. ಹೀಟರ್ ಆರಿಸು ಎಂಬುದು ಮಾತ್ರ ಮುಂದೆ ಖಾಲಿ ಜಾಗವಿಲ್ಲದೆ ಪರದೆಯ ಎಡ ಅಂಚಿಗೆ ಅಂಟಿತ್ತು. ಷರತ್ತಿನಿಂದ ಹೊರಬಿದ್ದ ಆ ಸಾಲು, ಶಾಖ ಎಷ್ಟೇ ಇರಲಿ, ಹೀಟರನ್ನು ಆರಿಸುತ್ತಲೇ ಇತ್ತು.

"ಮೂವತ್ಮೂರು," ಎಂದು ವಗ್ದಿ ಕೂಗಿದ.

"ನಾನು ಹೇಳಿರ್ಲಿಲ್ವಾ, ಆವರಣ ಇದ್ದಿದ್ರೆ..."

"ಬಾಯ್ಮುಚ್ಚು ಬಹ್ಗತ್!" ಎಂದೆ. ಆ ಸಾಲಿನ ಮುಂದೆ ಖಾಲಿ ಜಾಗದ ಗುಂಡಿ ಒತ್ತಿದೆ. ಒಂದು, ಎರಡು, ಮೂರು, ನಾಲ್ಕು.

ಹೀಟರ್ ಕೆಂಪಾಯಿತು. ಈ ಸಲ ಆರಲಿಲ್ಲ.

ಅರ್ಧ ಗಂಟೆ ಕಾದೆವು. ಬಹ್ಗತ್ ಮೆಲ್ಲಗೆ ಬಂದು, ಆ ಸಾಲಿನ ಕೆಳಗೆ "ಷರತ್ತು ಇಲ್ಲಿಗೆ ಮುಗಿಯಿತು" ಎಂದು ಟಿಪ್ಪಣಿ ಬರೆದ. "ಯಂತ್ರಕ್ಕಲ್ಲ, ನನಗೆ," ಎಂದ, ಯಾರ ಮುಖವನ್ನೂ ನೋಡದೆ.

"ಬರ್ಕೊಳ್ಳಲಿ ಬಿಡಿ," ಎಂದಳು ಇನ್ನೂ ಫೋನಿನಲ್ಲಿದ್ದ ರಾವ್ಯಾ. "ಮೊಟ್ಟೆ ಏನಾದ್ವು ಖಾಲಾ?"

ಒಂದನ್ನು ರೆಪ್ಪೆಗೆ ಒತ್ತಿದೆ. ಬೆಚ್ಚಗಿತ್ತು. ಕಿವಿಗೆ ಹಿಡಿದೆ.

"ಖಾಲಾ? ಮಾತಾಡಿ ಖಾಲಾ!"

ಫೋನನ್ನೇ ಚಿಪ್ಪಿಗೆ ಹಿಡಿದೆ. ಮರಿ ಒಳಗಿನಿಂದ ಟಕ್ ಟಕ್ ಎಂದು ಕುಟ್ಟುತ್ತಿತ್ತು.