ಹೊಕ್ಕುಳಿರುವ ಎಲೆ

"ಅದು ತಿನ್ನಂಗಿಲ್ಲ ಕಣಣ್ಣ."

ಏಣಿಯ ಮೇಲಿದ್ದ ಅಯಾಜ್ ಬ್ರಷ್ ಹಿಡಿದುಕೊಂಡೇ ಕೆಳಗೆ ನೋಡಿದ. ಶಾಲೆಯ ಅಡುಗೆಕೋಣೆಯ ಮುಂದೆ ಹತ್ತು ಹನ್ನೆರಡು ಮಕ್ಕಳು ತಲೆ ಎತ್ತಿಕೊಂಡು ನಿಂತಿದ್ದವು. ಮಾತಾಡಿದವಳು ನಾಲ್ಕನೇ ಕ್ಲಾಸಿನ ಶೃತಿ. ಎರಡು ಜಡೆಯಲ್ಲಿ ಒಂದರ ರಿಬ್ಬನ್ನು ಎಲ್ಲೋ ಬಿದ್ದು ಹೋಗಿತ್ತು. ಗೋಡೆಯ ಮೇಲೆ ಅವನು ಬೆಳಗಿನಿಂದ ಬರೆಯುತ್ತಿದ್ದ ಆಳೆತ್ತರದ ಹಸಿರು ಎಲೆಯನ್ನು ಅವಳು ಹುಳಿ ಮಾವಿನಕಾಯಿ ಕಚ್ಚಿದವರ ಹಾಗೆ ಮುಖ ಮಾಡಿಕೊಂಡು ನೋಡುತ್ತಿದ್ದಳು.

"ಗೋಡೆ ಮೇಲಿನ ಎಲೆನ ಯಾರವ್ವ ತಿನ್ನಕ್ಕೆ ಹೋಗ್ತಾರೆ?" ಎಂದು ಅಯಾಜ್ ನಕ್ಕ.

"ಅಂಗಲ್ಲಣ್ಣ. ಆ ಜಾತಿನೇ ತಿನ್ನಂಗಿಲ್ಲ. ನಾಲ್ಗೆ ಕಡೀತೈತೆ. ಅದು ಕಾಡ್ಗೆಸ."

"ಊಂ ಕಣಣ್ಣ, ಕಾಡ್ಗೆಸ," ಎಂದು ಉಳಿದ ಮಕ್ಕಳೂ ಮಗ್ಗಿ ಒಪ್ಪಿಸುವಂತೆ ಹೇಳಿದವು.

ಅಯಾಜ್ ನಗುವುದನ್ನು ನಿಲ್ಲಿಸಿದ. ಆ ಎಲೆಯ ವಿಷಯದಲ್ಲಿ ಅವನು ಹೇಳಿದ್ದ ಒಂದು ಸುಳ್ಳು ಅವನಿಗೊಬ್ಬನಿಗೇ ಗೊತ್ತಿತ್ತು.

ಸಕಲೇಶಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಯಾಜ್‌ನ ಅಂಗಡಿ. ಮೂವತ್ತು ವರ್ಷದಿಂದ ಅವನು ಬರೆದ ಬೋರ್ಡುಗಳಿಗೆ ಲೆಕ್ಕವಿಲ್ಲ. ಲಾರಿಗಳ ಹಿಂದೆ ಹುಲಿ, ನವಿಲು, ಬೇಕರಿಗಳ ಮೇಲೆ ಕೇಕು, ಹೋಟೆಲಿಗೆ ಬಾಳೆಲೆ. ಎಲ್ಲವನ್ನೂ ಯಾವುದಾದರೂ ಕ್ಯಾಲೆಂಡರನ್ನೋ ಇನ್ನೊಬ್ಬರ ಬೋರ್ಡನ್ನೋ ನೋಡಿಕೊಂಡೇ ಬರೆದದ್ದು. ಗಿರಾಕಿ ತೋರಿಸಿದ್ದನ್ನು ತದ್ವತ್ ಇಳಿಸಿಕೊಡುತ್ತಾನೆ ಎಂಬುದೇ ಅವನ ಹೆಸರು. ಫ್ಲೆಕ್ಸ್ ಬಂದ ಮೇಲೆ ಅವನೂ ಒಂದು ಕಂಪ್ಯೂಟರ್ ತಂದು ಬ್ರಷ್ಷುಗಳನ್ನು ಸೀಮೆಎಣ್ಣೆ ಡಬ್ಬಿಯಲ್ಲಿ ಮಲಗಿಸಿದ್ದ.

ಹೀಗಿರುವಾಗ ಮೂರು ತಿಂಗಳ ಕೆಳಗೆ ಮಧುಶ್ರೀ ಅಂಗಡಿಗೆ ಬಂದಳು. ಹಾಸನದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು ಅದನ್ನು ಬಿಟ್ಟು, ಮಕ್ಕಳಿಗೆ ಊಟದ ಬಗ್ಗೆ ಕಲಿಸಬೇಕೆಂದು ಹೊರಟಿದ್ದಳು. ಮಕ್ಕಳೇ ಬೆಳೆಯಬೇಕು, ಮಕ್ಕಳೇ ಸೋಸಿ ಬೇಯಿಸಬೇಕು, ತಟ್ಟೆಯಲ್ಲಿರುವುದು ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿರಬೇಕು ಎಂಬುದು ಅವಳ ಆಸೆ. ತನ್ನ ಸಂಸ್ಥೆಗೆ 'ಎಳೆಸೊಪ್ಪು ಬಳಗ' ಎಂದು ಹೆಸರಿಟ್ಟಿದ್ದಳು. ಅದಕ್ಕೊಂದು ಗುರುತು ಬೇಕಾಗಿತ್ತು. ಗೋಡೆಯ ಮೇಲೆ, ಬಟ್ಟೆಚೀಲದ ಮೇಲೆ, ಮಕ್ಕಳ ಏಪ್ರನ್ನಿನ ಮೇಲೆ, ಎಲ್ಲಿ ಕಂಡರೂ ಇದು ನಮ್ಮದು ಅನ್ನಿಸುವಂಥದ್ದು.

"ಯಾವುದನ್ನೂ ನೋಡ್ಕೊಂಡು ಬರೀಬೇಡಿ ಅಯಾಜ್ ಅವರೇ. ನೀವೇ ಯೋಚನೆ ಮಾಡಿ ಬರೀರಿ," ಎಂದಿದ್ದಳು.

ಮೂವತ್ತು ವರ್ಷದಲ್ಲಿ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಮನೆಗೆ ಹೋಗಿ ಹೆಂಡತಿ ಫಿರ್ದೋಸ್‌ಗೆ ಹೇಳಿದರೆ ಅವಳು, "ಹಂಗಾದ್ರೆ ಇಷ್ಟು ದಿನ ನಿಮ್ಮ ಬದಲು ಯಾರು ಯೋಚನೆ ಮಾಡ್ತಿದ್ರು?" ಎಂದು ಕಾಲೆಳೆದಳು. ಎಂಟು ದಿನ ಅವನು ಬಿಳಿ ಕಾಗದದ ಮುಂದೆ ಕೂತ. ಒಂದು ಗೆರೆಯೂ ಏಳಲಿಲ್ಲ. ಒಂಬತ್ತನೇ ದಿನ ಕಂಪ್ಯೂಟರಿನಲ್ಲಿ ಹುಡುಕಿದಾಗ ಒಂದು ಎಲೆ ಸಿಕ್ಕಿತು. ಬಾಣದ ಹಾಗೆ ಚೂಪು, ನಡುವೆ ಒಂದು ಚೆಂದದ ಸೀಳು. ಅದನ್ನೇ ಇಳಿಸಿಕೊಂಡು ಕೆಳಗೊಂದು ಬಟ್ಟಲು ಸೇರಿಸಿದ. ಮಧುಶ್ರೀ ನೋಡಿ ಮರುಳಾಗಿಬಿಟ್ಟಳು. ಎಲ್ಲಿ ನೋಡಿದ್ರಿ ಈ ಕೆಸುವಿನ ಎಲೆಯನ್ನು ಎಂದು ಕೇಳಿದಾಗ, "ಹಳ್ಳದ ದಡದಲ್ಲಿ ಕೂತು ಬರೆದೆ ಮೇಡಂ," ಎಂಬ ಮಾತು ಅವನ ಬಾಯಿಂದ ತಾನಾಗಿ ಜಾರಿತು. ಆ ಮಾತನ್ನು ಅವಳು ಹೋದಹೋದಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಳು.

ಈಗ ಇದು ಕುಂದೂರಿನ ಆಚೆಯ ಗುಡ್ಡದ ಮೇಲಿನ ಶಾಲೆ. ಸೋಮವಾರ ಬಳಗದ ಮೊದಲ ಕಾರ್ಯಕ್ರಮ. ಸುತ್ತಲಿನ ಊರು, ಎಸ್ಟೇಟಿನ ಕೂಲಿ ಲೈನುಗಳಿಂದ ತಾಯಂದಿರು ಬರುವವರಿದ್ದರು. ಅವರು ಒಪ್ಪಿದರೆ ಮಕ್ಕಳು ಬರುತ್ತಾರೆ, ಒಪ್ಪದಿದ್ದರೆ ಬಳಗವೇ ಇಲ್ಲ ಎಂದು ಮಧುಶ್ರೀ ಹತ್ತು ಸಲ ಹೇಳಿದ್ದಳು. ಇವತ್ತು ಶನಿವಾರ.

ಅಯಾಜ್ ಏಣಿ ಇಳಿದು ಬಂದು ಕೇಳಿದ, "ಕಾಡುಕೆಸ ಅಂತ ಹೆಂಗೆ ಹೇಳ್ತೀಯ?"

"ಒಕ್ಳು ಇಲ್ವಲ್ಲ!" ಎಂದಳು ಶೃತಿ, ಇಷ್ಟೂ ಗೊತ್ತಿಲ್ಲವೇ ಎಂಬ ಧಾಟಿಯಲ್ಲಿ. "ತಿನ್ನೋ ಕೆಸಕ್ಕೆ ಒಕ್ಳು ಇರ್ತೈತೆ. ಇದ್ರಲ್ಲಿ ಸೀಳು ಬಂದು ತೊಟ್ಟಿಗೇ ಸೇರ್ಬುಟ್ಟೈತೆ."

ಎಲೆಗೆ ಹೊಕ್ಕುಳು! ಅಯಾಜ್‌ಗೆ ತಲೆಬುಡ ತಿಳಿಯಲಿಲ್ಲ. ಅಡುಗೆಕೋಣೆಯ ಬಾಗಿಲಲ್ಲಿ ಮೊರ ಹಿಡಿದುಕೊಂಡು ಬೆರಕೆ ಸೊಪ್ಪು ಸೋಸುತ್ತಿದ್ದ ಬಸಮ್ಮನ ಕಡೆ ನೋಡಿದ. ಬಿಸಿಯೂಟ ಬೇಯಿಸುವ ಬಸಮ್ಮ ಬೆಳಗಿನಿಂದ ಗೋಡೆಯನ್ನು ನೋಡಿಯೂ ತುಟಿ ಪಿಟಕ್ಕೆಂದಿರಲಿಲ್ಲ.

"ನಿಮಗೂ ಗೊತ್ತಿತ್ತಾ ಬಸಮ್ಮಾರೆ? ಮತ್ತೆ ಹೇಳ್ಬಾರ್ದಿತ್ತಾ?"

"ಓದಿದೋರು ಬರ್ಸಿರೋದು, ನಾನ್ಯಾಕೆ ಮೂಗು ತೂರಿಸ್ಲಿ ಅಂತ ಸುಮ್ಕಿದ್ದೆ ಸಾಬ್ರೆ. ಆದ್ರೆ ಸೋಮಾರ ನಮ್ ಎಂಗಸ್ರು ಬಂದು ನೋಡುದ್ರೆ ಬಿಡಕಿಲ್ಲ. ಕಾಡ್ಗೆಸ ಬರ್ಕಂಡು ನಮ್ಮಕ್ಳಿಗೆ ಸೊಪ್ಪು ಕಲ್ಸಕ್ಕೆ ಬಂದವ್ರೆ ಅಂತ ನಕ್ಕಂಡು ವಾಪಸ್ ಓಯ್ತಾರೆ."

"ಅಲ್ಲ, ಈ ಮಕ್ಕಳಿಗೆ ಅಷ್ಟೆಲ್ಲ ಗೊತ್ತಾಗುತ್ತಾ?" ಎಂದ ಅಯಾಜ್. ನಿಜ ಹೇಳಬೇಕೆಂದರೆ, ಗೊತ್ತಾಗುವುದಿಲ್ಲ ಎಂದು ಯಾರಾದರೂ ಹೇಳಲಿ ಎಂದು ಅವನ ಜೀವ ಹಾತೊರೆಯುತ್ತಿತ್ತು.

ಬಸಮ್ಮ ಶೃತಿಯನ್ನು ಹತ್ತಿರ ಕರೆದು, ಬೆನ್ನು ತಿರುಗಿಸಿ ನಿಲ್ಲಿಸಿ, ಎರಡೂ ಕೈ ಹಿಂದಕ್ಕೆ ಚಾಚು ಎಂದಳು. ಮೊರದಿಂದ ಒಂದು ಕುಡಿ ತೆಗೆದು ಅಂಗೈಯಲ್ಲಿಟ್ಟಳು.

ಶೃತಿ ಬೆರಳ ತುದಿಯಿಂದ ಒಮ್ಮೆ ಸವರಿದಳು. "ಅಣ್ಣೆ."

ಇನ್ನೊಂದು. "ಗಣಿಕೆ." ಇನ್ನೊಂದು ಅಂಗೈಗೆ ತಾಗುತ್ತಿದ್ದಂತೆಯೇ, "ಒಂದೆಲಗ." ಅದರ ಮುಂದಿನದನ್ನು ಸ್ವಲ್ಪ ಹೊತ್ತು ಉಜ್ಜಿದಳು. "ಕಿರಕೀಲೆ. ಬಲ್ತೋಗೈತೆ, ಇದುನ್ನ ಆಕ್ಬ್ಯಾಡಿ ಬಸಮ್ಮಜ್ಜಿ."

ಬಸಮ್ಮ ಅದನ್ನು ತೆಗೆದು ಆಚೆ ಎಸೆದಳು. ಅಯಾಜ್‌ಗೆ ತಡೆಯಲಾಗಲಿಲ್ಲ. ಸದ್ದಿಲ್ಲದೆ ಬೇಲಿಯ ಹತ್ತಿರ ಹೋಗಿ ಯಾವುದೋ ಗಿಡದ ಒಂದು ಎಲೆ ಕಿತ್ತು ತಂದು ಅವಳ ಕೈಯಲ್ಲಿಟ್ಟ. ಬೆಂಕಿ ಮುಟ್ಟಿದವಳಂತೆ ಶೃತಿ ಅದನ್ನು ಕೊಡವಿದಳು.

"ಥೂ, ಬೇಲಿದು! ಯಾರಣ್ಣ ಇಟ್ಟಿದ್ದು?"

ಮಕ್ಕಳೆಲ್ಲ ಗೊಳ್ಳೆಂದು ನಕ್ಕವು. ಅಯಾಜ್ ನಗಲಿಲ್ಲ. ಒಂಬತ್ತು ವರ್ಷದ ಈ ಹುಡುಗಿಯ ಬೆರಳಿಗೆ ಗೊತ್ತಿರುವಷ್ಟು, ನಲವತ್ತೆಂಟು ವರ್ಷದ ತನ್ನ ಕಣ್ಣಿಗೆ ಗೊತ್ತಿಲ್ಲ. ಊರತುಂಬ ಎಲೆ ಬರೆದವನು ತಾನು! ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ನಾಚಿಕೆಗಿಂತ ದೊಡ್ಡದಾಗಿ ಇನ್ನೇನೋ ಅವನೊಳಗೆ ಎದ್ದು ನಿಂತಿತ್ತು.

"ಹೊಕ್ಕುಳಿರೋ ಎಲೆ ಎಲ್ಲೈತೆ? ತೋರಿಸ್ತೀಯಾ ನಂಗೆ?" ಎಂದ.

ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ಮಕ್ಕಳು ಅವನನ್ನು ಎಳೆದುಕೊಂಡು ಹೋದವು. ಶಾಲೆಯ ಹಿಂದೆ ಗುಡ್ಡ ಇಳಿದರೆ ಗದ್ದೆ, ಗದ್ದೆಯ ಅಂಚಿಗೆ ಹಳ್ಳ, ಹಳ್ಳದುದ್ದಕ್ಕೂ ಕೆಸ. ಬಸಮ್ಮನೂ ಸೀರೆ ಎತ್ತಿ ಸಿಕ್ಕಿಸಿಕೊಂಡು ಹಿಂದೆಯೇ ಬಂದಳು. ಮಕ್ಕಳು ತಾವೇ ಹೋಗಿ ಕೀಳಬಾರದು, ಗೊತ್ತಿರುವ ದೊಡ್ಡವರು ಜೊತೆಗಿರಬೇಕು ಎಂಬುದು ಅವಳ ಕಾನೂನು. ಶೃತಿ ಒಂದು ಎಲೆಯನ್ನು ಬಗ್ಗಿಸಿ ತೋರಿಸಿದಳು.

ಮೇಲೊಂದು ಸೀಳಿತ್ತು. ಆದರೆ ಸೀಳು ಪೂರ್ತಿ ಇಳಿದಿರಲಿಲ್ಲ, ಅರ್ಧ ದಾರಿಯಲ್ಲೇ ನಿಂತಿತ್ತು. ಅದರ ಕೆಳಗೆ, ಎಲೆಯ ಹೊಟ್ಟೆಯ ಮೇಲೆ, ತೆಳುಬಣ್ಣದ ಒಂದು ಚುಕ್ಕೆ. ಎಲೆ ತಿರುಗಿಸಿದರೆ ತೊಟ್ಟು ಬಂದು ಸೇರಿದ್ದು ಅಲ್ಲಿಗೇ. ಅಯಾಜ್ ಮೊಣಕಾಲೂರಿ ಕೂತು, ಎಲೆಯನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಿದ. ನರಗಳೆಲ್ಲ ಆ ಚುಕ್ಕೆಯಿಂದಲೇ ಹೊರಟಿದ್ದವು. ಹೊರಟು ಅಂಚಿನವರೆಗೂ ಹೋಗಿ, ಅಲ್ಲಿ ಇನ್ನೊಂದು ಸಣ್ಣ ನರವನ್ನು ಕೂಡಿಕೊಂಡಿದ್ದವು. ಆ ಸಣ್ಣ ನರ ಎಲೆಯ ಸುತ್ತ, ಅಂಚಿಗೆ ಒಂದು ದಾರದಷ್ಟು ಒಳಗೆ, ಎಲ್ಲೂ ಕಡಿಯದೆ ಹರಿದಿತ್ತು. ಇದನ್ನು ಮುಗಿಸಿ ಅವನು ಪಕ್ಕದ ಎಲೆ ನೋಡಿದ. ಅದರಲ್ಲೂ ಹಾಗೇ. ಅದರಾಚೆಯದರಲ್ಲೂ ಹಾಗೇ, ಆದರೆ ಒಂದರ ಹಾಗೆ ಇನ್ನೊಂದಿರಲಿಲ್ಲ. ಹಳ್ಳದುದ್ದಕ್ಕೂ ಸಾವಿರ ಎಲೆ.

"ಯಾ ಅಲ್ಲಾ," ಎಂದ ಅಯಾಜ್, ತನಗೆ ಮಾತ್ರ ಕೇಳುವಂತೆ. ಇದನ್ನು ಬರೆದವನು ಯಾರದ್ದನ್ನೂ ನೋಡಿಕೊಂಡು ಬರೆದಿರಲಿಲ್ಲ.

ಅವನು ಎಷ್ಟು ಹೊತ್ತು ಹಾಗೇ ಕೂತಿದ್ದನೋ. ಮಕ್ಕಳು ಬೇಜಾರಾಗಿ ಏಡಿ ಹುಡುಕಲು ಹೋದವು. ಬಸಮ್ಮ ಮಾತ್ರ ಒಂದು ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡಳು. ಅವಸರ ಮಾಡಲಿಲ್ಲ.

ಮಧ್ಯಾಹ್ನ ಮಧುಶ್ರೀ ಸ್ಕೂಟರಿನಲ್ಲಿ ಬಂದಳು. ಮುಂದೆ ಕಾಲ ಬಳಿ ಒಂದು ದೊಡ್ಡ ಗಂಟು, ಅದರ ತುಂಬ ಹೊಸ ಬಟ್ಟೆಚೀಲಗಳು, ಚೀಲಚೀಲದ ಮೇಲೂ ಕಾಡುಕೆಸ. ಗೋಡೆಯ ಅರ್ಧಕ್ಕೆ ಸುಣ್ಣ ಬಳಿದು ನಿಂತಿದ್ದ ಅಯಾಜ್‌ನನ್ನು ನೋಡಿ ಅವಳು ಗಾಬರಿಯಾದಳು.

"ಏನು ಮಾಡ್ತಿದ್ದೀರಿ ನೀವು? ಅಷ್ಟು ಚೆನ್ನಾಗಿತ್ತಲ್ಲ!"

ಅಯಾಜ್ ಹೇಳಿದ. ಹೊಕ್ಕುಳಿನ ವಿಷಯ, ನಾಲಗೆ ಕಡಿಯುವ ವಿಷಯ, ಎಲ್ಲ. ಮಧುಶ್ರೀ ನಂಬಲಿಲ್ಲ. "ಅಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಕಾಣಿಸುತ್ತೆ ಅಯಾಜ್ ಅವರೇ? ಲೋಗೋ ಅಂದ್ರೆ ಲೋಗೋ. ಇದ್ದ ಹಾಗೇ ಇರಬೇಕು ಅಂತ ಎಲ್ಲಿದೆ?"

"ಇಲ್ಲಿ ಎಲ್ಲರಿಗೂ ಕಾಣಿಸ್ತದೆ ಮೇಡಂ. ನಮ್ಮಿಬ್ಬರಿಗೇ ಕಾಣಿಸಲಿಲ್ಲ."

ಅಯಾಜ್ ಸುಣ್ಣದ ಬ್ರಷ್ಷನ್ನು ಕೆಳಗಿಟ್ಟ. ಇನ್ನೂ ಒಂದು ಮಾತು ಬಾಕಿಯಿತ್ತು. ಈಗ ಹೇಳದಿದ್ದರೆ ಸೋಮವಾರ ಅವಳು ಮೈಕಿನಲ್ಲಿ ಅದೇ ಸುಳ್ಳನ್ನು ಊರಿಗೆಲ್ಲ ಹೇಳುತ್ತಾಳೆ.

"ಹಳ್ಳದ ದಡದಲ್ಲಿ ಕೂತು ಬರೆದೆ ಅಂದಿದ್ದೆನಲ್ಲ, ಅದು ಸುಳ್ಳು ಮೇಡಂ. ಕಂಪ್ಯೂಟರಲ್ಲಿ ಸಿಕ್ಕಿದ್ದನ್ನ ಇಳಿಸಿದೆ. ಹಳ್ಳಕ್ಕೆ ಹೋಗಿದ್ದು ಇವತ್ತೇ ಮೊದಲು. ನಿಮಗೆ ಬೇಡ ಅನ್ನಿಸಿದ್ರೆ ಬೇರೆಯವರ ಹತ್ರ ಬರೆಸ್ಕೊಳ್ಳಿ. ನನ್ನ ಹತ್ರಾನೇ ಅಂದ್ರೆ, ನಾಳೆ ಒಂದು ದಿನ ಕೊಡಿ."

ಮಧುಶ್ರೀಯ ಮುಖ ಕೆಂಪಾಯಿತು. ಅವಳು ಏನು ಅಂದರೂ ಅನ್ನಿಸಿಕೊಳ್ಳಲು ಅಯಾಜ್ ತಯಾರಾಗಿದ್ದ. ಅವಳು ಗಂಟಿನಿಂದ ಒಂದು ಚೀಲ ಎಳೆದು, ಅದರ ಮೇಲಿನ ಎಲೆಯನ್ನು ತುಂಬ ಹೊತ್ತು ನೋಡಿದಳು.

"ನಮ್ಮದು ಮಾರನಹಳ್ಳಿ," ಎಂದಳು ಕೊನೆಗೆ. "ಅಜ್ಜಿ ಕೆಸುವಿನ ಎಲೆಯಲ್ಲಿ ಮಾಡಿದ ಪತ್ರೊಡೆ ತಿಂದೇ ಬೆಳೆದವಳು ನಾನು. ತಿಂದಿದ್ದೀನಿ, ಒಂದು ದಿನವೂ ಕಿತ್ತಿಲ್ಲ." ಚೀಲವನ್ನು ಒಳಹೊರಗು ಮಾಡಿ, ಮಡಿಸಿ, ಗಂಟಿನೊಳಗೆ ತುರುಕಿದಳು. "ಸೋಮವಾರ ಚೀಲ ಬೇಡ. ನೀವು ಗೋಡೆ ಬರೀರಿ. ಆ ಎಲೆ ನನಗೂ ತೋರಿಸಿ."

ಭಾನುವಾರ ಬೆಳಕು ಹರಿಯುವ ಹೊತ್ತಿಗೇ ಅಯಾಜ್ ಶಾಲೆಗೆ ಬಂದ. ಬಸಮ್ಮ ಗೇಟು ತೆಗೆದಳು. ಹಳ್ಳದಿಂದ ತಂದ ಒಂದು ಕೆಸವನ್ನು ಬೇರು ಸಮೇತ ಬಕೆಟ್ಟಿನಲ್ಲಿಟ್ಟುಕೊಂಡು ಅವನು ಬರೆಯತೊಡಗಿದ. ಕೈ ಮೊದಲು ಹಳೆಯ ಚಾಳಿಗೇ ಎಳೆಯಿತು. ಎಲ್ಲೆಲ್ಲಿ ಗೊತ್ತಿಲ್ಲವೋ ಅಲ್ಲೆಲ್ಲ ಚೆಂದ ಮಾಡಲು ನೋಡಿತು. ಎರಡು ಸಲ ಅಳಿಸಿದ. ಮೂರನೇ ಸಲ ಅವನು ಗೋಡೆಗಿಂತ ಹೆಚ್ಚು ಬಕೆಟ್ಟನ್ನು ನೋಡಿದ. ನರ ಎಲ್ಲಿ ಕವಲಾಗುತ್ತದೆ, ಹಸಿರು ಎಲ್ಲಿ ತೆಳುವಾಗುತ್ತದೆ, ಅಂಚು ಎಲ್ಲಿ ಸಣ್ಣಗೆ ಅಲೆಯುತ್ತದೆ, ನೋಡಿದಷ್ಟೂ ಅಲ್ಲಿ ಹೊಸದು ಇದ್ದೇ ಇತ್ತು. ಬಟ್ಟಲನ್ನು ಕೈಬಿಟ್ಟ. ಬರೀ ಎಲೆ, ಅದರ ಕೆಳಗೆ ಬಳಗದ ಹೆಸರು. ಹೊಟ್ಟೆಯ ಚುಕ್ಕೆಯನ್ನು ಎಲ್ಲಕ್ಕಿಂತ ಕೊನೆಗೆ, ಉಸಿರು ಹಿಡಿದುಕೊಂಡು ಇಟ್ಟ. ಸಂಜೆ ಮನೆಗೆ ಬಂದವನ ಅಂಗೈ ನೋಡಿ ಫಿರ್ದೋಸ್, "ಎಷ್ಟು ವರ್ಷ ಆಯ್ತು, ನಿಮ್ಮ ಉಗುರಲ್ಲಿ ಬಣ್ಣ ನೋಡಿ," ಎಂದಳು.

ಸೋಮವಾರ ತಾಯಂದಿರು ಬಂದರು. ಮೂವತ್ತಕ್ಕೂ ಹೆಚ್ಚು ಜನ. ಶಾಮಿಯಾನದ ಕೆಳಗೆ ಕುರ್ಚಿ ಹಾಕಿದ್ದರೂ ಯಾರೂ ಅಲ್ಲಿ ಕೂರಲಿಲ್ಲ. ಎಲ್ಲರೂ ನೇರ ಗೋಡೆಯ ಮುಂದೆ ಹೋಗಿ ನಿಂತರು. ಅಯಾಜ್ ನೀರಿನ ತೊಟ್ಟಿಯ ಮರೆಯಲ್ಲಿ ನಿಂತು, ಉಜ್ಜಿ ತೊಳೆದಿದ್ದ ಬ್ರಷ್ಷನ್ನೇ ಮತ್ತೆ ತೊಳೆಯುತ್ತಿದ್ದ. ಮಧುಶ್ರೀ ಮೈಕು ಹಿಡಿದುಕೊಂಡೇ ಅವರ ಹಿಂದೆ ಹೋಗಿ ನಿಂತಳು.

ಒಬ್ಬ ಮುದುಕಿ ಗುಂಪಿನಿಂದ ಮುಂದೆ ಬಂದಳು. ಸೊಂಟ ಬಾಗಿತ್ತು. ಹಣೆಗೆ ಕೈ ಅಡ್ಡ ಹಿಡಿದು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬೆರಳನ್ನು ಗಾಳಿಯಲ್ಲೇ ಒಂದು ನರದ ಗುಂಟ ಅಂಚಿನವರೆಗೆ ಓಡಿಸಿದಳು, ಅಲ್ಲಿಂದ ಸುತ್ತು ಬಂದು ಹೊಟ್ಟೆಯ ಚುಕ್ಕೆಯ ಮೇಲೆ ನಿಲ್ಲಿಸಿದಳು.

"ಯಾರು ಬರ್ದಿದ್ದು?"

ಮಧುಶ್ರೀ ತೊಟ್ಟಿಯ ಕಡೆ ಕೈ ತೋರಿಸಿದಳು. ಅಯಾಜ್ ಎರಡು ಹೆಜ್ಜೆ ಮುಂದೆ ಬಂದ. ಮುದುಕಿ ಅವನನ್ನು ಒಮ್ಮೆ, ಎಲೆಯನ್ನು ಒಮ್ಮೆ ನೋಡಿದಳು.

"ಇವತ್ತೇ ಕುಯ್ಕಬುಡ್ಬೇಕು ಕಣಪ್ಪ," ಎಂದಳು. "ನಾಳೀಕೆ ಬುಟ್ರೆ ಬಲ್ತೋಗ್ಬುಡ್ತೈತೆ."

ಹೆಂಗಸರೆಲ್ಲ ಹೋ ಎಂದು ನಕ್ಕರು. ನಗು ನಿಲ್ಲುವ ಮೊದಲೇ ಮಾತು ಶುರುವಾಯಿತು. ಯಾರ ಹಳ್ಳದಲ್ಲಿ ಎಷ್ಟು ಕೆಸ ಐತೆ, ಯಾರತ್ತೆ ಹೆಂಗೆ ಮಾಡುತ್ತಿದ್ದರು, ಕರಿ ತೊಟ್ಟಿನದು ಒಳ್ಳೇದೋ ಬಿಳಿ ತೊಟ್ಟಿನದೋ ಎಂದು ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಮಧುಶ್ರೀ ಮೈಕನ್ನು ಕುರ್ಚಿಯ ಮೇಲಿಟ್ಟು, ಒಂದು ನೋಟ್‌ಬುಕ್ ಹಿಡಿದು ಅವರ ನಡುವೆ ನುಗ್ಗಿದಳು. ಅಯಾಜ್‌ಗೆ ಕಣ್ಣು ಮಂಜಾಗಿ ಏನೂ ಸರಿಯಾಗಿ ಕಾಣಲಿಲ್ಲ.

ಮುದುಕಿ ಅಡುಗೆಕೋಣೆಯ ಜಗಲಿಯ ಮೇಲೆ ಕೂತು ಅವನನ್ನು ಕೂಗಿದಳು. "ಸಾಬ್ರೆ, ನಿಮ್ ಮನೆ ಕಡೆ ಕೆಸಕ್ಕೆ ಉಣಸೆಹಣ್ಣು ಆಕ್ತಾರೋ, ನಿಂಬೆಹುಳಿನೋ?"

ಅಯಾಜ್ ಬಾಯಿ ತೆರೆದ. ಹುಣಸೆ ಎಂದುಬಿಟ್ಟರೆ ಮಾತು ಮುಗಿಯುತ್ತಿತ್ತು.

"ಗೊತ್ತಿಲ್ಲ ಕಣಜ್ಜಿ," ಎಂದ.

ಮುದುಕಿ ಸೆರಗು ಎಳೆದುಕೊಂಡು, ಸ್ವಲ್ಪ ಸರಿದು ಕೂತು, ಪಕ್ಕದಲ್ಲಿ ಅವನಿಗೆ ಜಾಗ ಮಾಡಿದಳು.